ಮೀನು ಕೊಟ್ಟು ಮದಿರೆ ಕೊಂಡ ನಾಡು

ಶನಿವಾರ ಮಧ್ಯಾಹ್ನವಾಯಿತೆಂದರೆ ಓಸ್ಲೊ ನಗರದ ಬೀದಿಗಳಲ್ಲಿ ಒಂದು ವಿಚಿತ್ರ ಅವಸರ ತಲೆದೋರುತ್ತದೆ. ಉಳಿದ ದಿನಗಳಲ್ಲಿ ಯಾವುದಕ್ಕೂ ಆತುರಪಡದ ನಾರ್ವೆಯ ಜನ, ಹೆಪ್ಪುಗಟ್ಟಿದ ಹಿಮದ ಮೇಲೆ ಜಾರದಂತೆ ಪುಟ್ಟ ಪುಟ್ಟ ಹೆಜ್ಜೆಯಿಡುತ್ತಲೇ, ಗಡಿಯಾರ ನೋಡಿಕೊಳ್ಳುತ್ತ ಒಂದೇ ಬಗೆಯ ಅಂಗಡಿಯತ್ತ ಧಾವಿಸುತ್ತಾರೆ. ಆ ಅಂಗಡಿಯ ಹೆಸರು ವಿನ್‌ಮೊನೊಪೋಲೆ. ಬಾಯಿಮಾತಿನಲ್ಲಿ ಬರಿಯ ‘ಪೋಲೆ’. ಶನಿವಾರ ಇಳಿಹೊತ್ತಿಗೆ ಅದರ ಬಾಗಿಲು ಮುಚ್ಚಿತೆಂದರೆ ಮತ್ತೆ ತೆರೆಯುವುದು ಸೋಮವಾರವೇ. ದಿನಸಿ ಅಂಗಡಿಗಳಲ್ಲಿ ನೂರಕ್ಕೆ 4.7 ಪಾಲಿಗಿಂತ ಹೆಚ್ಚು ಮದ್ಯಸಾರವಿರುವ ಯಾವ ಪಾನೀಯವನ್ನೂ ಮಾರುವಂತಿಲ್ಲ. ಅದಕ್ಕಿಂತ ಗಟ್ಟಿಯಾದದ್ದನ್ನು ಮನೆಗೆ ಕೊಂಡೊಯ್ಯಬೇಕಾದರೆ ಸರ್ಕಾರದ ಈ ಅಂಗಡಿಯ ಹೊಸ್ತಿಲನ್ನೇ ತುಳಿಯಬೇಕು.

ಆ ಗುಂಪಿನಲ್ಲಿ ದೂರದ ಪೋರ್ಚುಗಲ್ಲಿನಿಂದ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ಸಂಸಾರಸ್ಥರೂ ಇರುತ್ತಾರೆ. ಅವರ ಹುಡುಕಾಟ ಬೇರೆಯದು. ಊರಿನಲ್ಲಿ ಬೀದಿಯ ಮೂಲೆಯ ಅಂಗಡಿಯಲ್ಲಿ ಸಾಬೂನು, ಆಲಿವ್ ಎಣ್ಣೆಗಳ ಪಕ್ಕದಲ್ಲಿ ಧೂಳು ಹೊತ್ತು ನಿಂತಿರುತ್ತಿದ್ದ ಒಂದು ಸೀಸೆ, ಇಲ್ಲಿ ಪಟ್ಟಿಯಲ್ಲಿ ಹುಡುಕಿ, ಹೆಸರು ಕೊಟ್ಟು, ಕಾದು ಪಡೆಯಬೇಕಾದ ವಸ್ತುವಾಗಿದೆ. ಪೋರ್ಟ್ ವೈನ್ ಎಂಬುದು ಅವರಿಗೆ ಅಮಲೇರಿಸುವ ಸಾಧನವಲ್ಲ. ಭಾನುವಾರದ ಊಟ ಮುಗಿದ ಮೇಲೆ, ಚೀಸಿನ ತುಂಡೊಂದರ ಜೊತೆಗೆ, ಹೆಬ್ಬೆರಳೆತ್ತರದ ಗಾಜಿನಲ್ಲಿ ಅಜ್ಜಿಯೂ ಸೇವಿಸುವ ಸಿಹಿ ಅದು. ಪರದೇಶದಲ್ಲಿ ಕರಿಬೇವಿನ ನಾಲ್ಕು ಎಸಳಿಗಾಗಿ, ಹಳೆಯ ಹುಣಸೆಹಣ್ಣಿನ ಒಂದು ಉಂಡೆಗಾಗಿ ಊರೆಲ್ಲ ಅಲೆದ ಕನ್ನಡದ ಗೃಹಿಣಿಯರಿಗೆ ಈ ತವಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮನೆಮಂದಿಯೆಲ್ಲ ಓದುವ ಪುಟಗಳಲ್ಲಿ ಮದಿರೆಯ ಮಾತೇಕೆ ಎಂದು ಹುಬ್ಬುಗಂಟಿಕ್ಕುವ ಹಿರಿಯರು ಸ್ವಲ್ಪ ತಾಳ್ಮೆ ವಹಿಸಬೇಕು. ಇದು ಕುಡಿತದ ಕಥೆಯಲ್ಲ. ಎರಡು ನಾಡುಗಳ ನಡುವೆ ಮೀನಿಗೂ ದ್ರಾಕ್ಷಿಗೂ ನಡೆದ ವಿನಿಮಯದ ಕಥೆ. ಇದರಲ್ಲಿ ಒಂದು ಸರ್ಕಾರವೇ ಉರುಳಿದೆ, ಅದಕ್ಕೂ ಹಿಂದೆ ಒಂದು ಊರಿನ ಬಡವರು ನೇಣುಗಂಬವೇರಿದ್ದಾರೆ.

ಮೊದಲು ಆ ವಸ್ತು ಹುಟ್ಟುವ ಸ್ಥಳವನ್ನು ನೋಡಬೇಕು. ಸ್ಪೇನಿನ ಬೆಟ್ಟಗಳಲ್ಲಿ ಹುಟ್ಟುವ ದೋರು ನದಿ ಪಶ್ಚಿಮಾಭಿಮುಖವಾಗಿ ಹರಿದು, ಪೋರ್ಚುಗಲ್ಲನ್ನು ಹೊಕ್ಕು, ಪೋರ್ತೊ ನಗರದ ಬಳಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ನಗರದಿಂದ ನೂರು ಕಿಲೋಮೀಟರುಗಳಷ್ಟು ಮೇಲಕ್ಕೆ ಹೋದರೆ ನದಿಯ ಎರಡೂ ದಂಡೆಗಳಲ್ಲಿ ಕಡಿದಾದ ಬೆಟ್ಟಗಳು ಎದ್ದು ನಿಲ್ಲುತ್ತವೆ. ಮಣ್ಣೆಂಬುದು ಅಲ್ಲಿ ಹೆಸರಿಗೆ ಮಾತ್ರ. ಇರುವುದೆಲ್ಲ ಹಾಳೆ ಹಾಳೆಯಾಗಿ ಸೀಳುವ ಪದರುಗಲ್ಲು. ಆ ಕಲ್ಲನ್ನು ಕೈಯಿಂದ ಒಡೆದು, ಗೋಡೆ ಕಟ್ಟಿ, ಬೆಟ್ಟದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿತೋಟಗಳನ್ನು ಎಬ್ಬಿಸಿದ್ದಾರೆ. ದೂರದಿಂದ ನೋಡಿದವರಿಗೆ ಯಾರೋ ದೈತ್ಯ ಬೆಟ್ಟಗಳಿಗೆಲ್ಲ ಬಾಚಣಿಗೆ ಎಳೆದಂತೆ ತೋರುತ್ತದೆ. ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಎಂದು ಅಲ್ಲಿಯವರೇ ತಮ್ಮ ಹವೆಯನ್ನು ವರ್ಣಿಸಿಕೊಳ್ಳುತ್ತಾರೆ. 2001ರಲ್ಲಿ ಯುನೆಸ್ಕೊ ಸಂಸ್ಥೆ ಈ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಂಡೆಯ ಮೇಲೆ ಮನುಷ್ಯನ ಬೆವರು ಬರೆದ ಬರಹಕ್ಕೆ ಆ ಗೌರವ ತಡವಾಗಿಯೇ ಬಂತೆನ್ನಬೇಕು.

ಸೆಪ್ಟೆಂಬರಿನಲ್ಲಿ ಕೊಯ್ಲು. ಕೊಯ್ದ ಗೊಂಚಲುಗಳನ್ನು ಗ್ರಾನೈಟ್ ಕಲ್ಲಿನ ಅಗಲವಾದ ತೊಟ್ಟಿಗಳಿಗೆ ಸುರಿದು, ಗಂಡಸರು ಹೆಂಗಸರು ಹೆಗಲಿಗೆ ಹೆಗಲು ಸೇರಿಸಿ, ಮೊಣಕಾಲುದ್ದ ರಸದಲ್ಲಿ ನಿಂತು, ರಾತ್ರಿಯ ಹೊತ್ತು ತುಳಿಯುವುದು ಅಲ್ಲಿಯ ಹಳೆಯ ಪದ್ಧತಿ. ಮೊದಲ ಒಂದೆರಡು ಗಂಟೆ ದಂಡಿನ ಕವಾಯತಿನಂತೆ ಒಂದೇ ಲಯ; ಅನಂತರ ಸಂಗೀತ, ಕುಣಿತ. ಈಗ ಬಹಳಷ್ಟು ಕಡೆ ಯಂತ್ರಗಳು ಆ ಕೆಲಸ ಮಾಡುತ್ತವೆಯಾದರೂ ಕಾಲಿನ ತುಳಿತವನ್ನು ಬಿಡದ ತೋಟಗಳು ಇನ್ನೂ ಇವೆ. ಬೀಜವನ್ನು ಒಡೆಯದೆ ಸಿಪ್ಪೆಯ ಬಣ್ಣವನ್ನೆಲ್ಲ ಹಿಂಡಬಲ್ಲ ಮೃದುತ್ವ ಅಂಗಾಲಿಗೆ ಮಾತ್ರ ಉಂಟೆಂಬುದು ಅವರ ವಾದ.

ತುಳಿದ ರಸ ದೋಸೆಯ ಹಿಟ್ಟಿನಂತೆ ಹುದುಗು ಬಂದು ಉಕ್ಕತೊಡಗುತ್ತದೆ. ಸಕ್ಕರೆಯೆಲ್ಲ ಮದ್ಯಸಾರವಾಗಿ ಮಾರ್ಪಡುವವರೆಗೆ ಬಿಟ್ಟರೆ ಸಾಧಾರಣ ವೈನ್ ಸಿದ್ಧವಾಗುತ್ತದೆ. ಇಲ್ಲಿ ಹಾಗೆ ಬಿಡುವುದಿಲ್ಲ. ಸುಮಾರು ಅರ್ಧ ಸಕ್ಕರೆ ಇನ್ನೂ ಉಳಿದಿರುವಾಗಲೇ, ದ್ರಾಕ್ಷಿಯಿಂದಲೇ ಇಳಿಸಿದ, ನೂರಕ್ಕೆ 77 ಪಾಲು ಮದ್ಯಸಾರವಿರುವ ಖಾರವಾದ ಸಾರಾಯಿಯನ್ನು ಅದಕ್ಕೆ ಹೊಯ್ಯುತ್ತಾರೆ. ಹುದುಗಿನ ಜೀವಾಣುಗಳು ಅಲ್ಲಿಗೆ ಸಾಯುತ್ತವೆ, ಸಿಹಿ ಉಳಿಯುತ್ತದೆ. 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ ಸೇರಿ 550 ಲೀಟರಿನ ಒಂದು ಪೀಪಾಯಿ ತುಂಬುವುದು ಹಳೆಯ ಅಳತೆ. ಹೀಗೆ ಹುಟ್ಟಿದ ಪಾನೀಯದಲ್ಲಿ ಮದ್ಯಸಾರ ನೂರಕ್ಕೆ 19ರಿಂದ 22 ಪಾಲಿನವರೆಗೆ ಇರುತ್ತದೆ. ಈ ಒಂದು ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ನಾರ್ವೆಯಲ್ಲಿ ಈ ಸೀಸೆಯ ಹಣೆಬರಹವನ್ನೆಲ್ಲ ಬರೆದಿರುವುದು ಅದೇ.

ಪೀಪಾಯಿಗಳು ನದಿಯಲ್ಲಿ ಇಳಿದು ಬರುತ್ತಿದ್ದವು. ಬಾರ್ಕು ರಬೆಲು ಎಂಬ ಚಪ್ಪಟೆ ತಳದ, ಉದ್ದನೆಯ ಚುಕ್ಕಾಣಿಯ ದೋಣಿಗಳು ಬಂಡೆ ಸುಳಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಸಾಗುತ್ತಿದ್ದವು. ಕಣಿವೆಯ ಭೂಪಟವನ್ನು ಬರೆದ ಜೋಸೆಫ್ ಫಾರೆಸ್ಟರ್ ಎಂಬ ಇಂಗ್ಲಿಷ್ ವ್ಯಾಪಾರಿ 1861ರಲ್ಲಿ ಅಂಥದೊಂದು ಸುಳಿಯಲ್ಲಿಯೇ ಮುಳುಗಿ ಸತ್ತ. ರೈಲುದಾರಿ ಬಂದು, ಆಮೇಲೆ ಅಣೆಕಟ್ಟುಗಳೂ ಎದ್ದ ಮೇಲೆ ನದಿ ಸಾಧುವಾಯಿತು. ದೋಣಿಗಳಿಗೆ ಕೆಲಸ ತಪ್ಪಿತು. ಈಗ ಅವು ಪೋರ್ತೊ ನಗರದ ಎದುರು ದಂಡೆಯಲ್ಲಿ ವ್ಯಾಪಾರಿಗಳ ಹೆಸರು ಬರೆದ ಹಾಯಿಗಳನ್ನು ಹೊತ್ತು, ಪ್ರವಾಸಿಗಳ ಕ್ಯಾಮರಾಗಳಿಗೆ ಮುಖವೊಡ್ಡಿ ನಿಂತಿವೆ. ಜೂನ್ 24ರಂದು, ಸಂತ ಜಾನ್‌ನ ಹಬ್ಬದ ದಿನ, ಪಂದ್ಯ ನಡೆಸುವ ನೆಪದಲ್ಲಿ ಒಮ್ಮೆ ಹಾಯಿ ಬಿಚ್ಚುತ್ತವೆ.

ಆ ಎದುರು ದಂಡೆಯೇ ವಿಲ ನೋವ ದ ಗಾಯ. 1886ರಲ್ಲಿ ಕಟ್ಟಿದ ಎರಡಂತಸ್ತಿನ ಕಬ್ಬಿಣದ ಸೇತುವೆಯ ಮೇಲೆ ನಿಂತು ನೋಡಿದರೆ ಕೆಂಪು ಹೆಂಚಿನ ಉದ್ದುದ್ದ ಮಾಡುಗಳು ಇಳಿಜಾರಿನ ತುಂಬ ಹಬ್ಬಿರುವುದು ಕಾಣುತ್ತದೆ. ಅವು ಮನೆಗಳಲ್ಲ, ಉಗ್ರಾಣಗಳು. ಕಡಲಿನ ತಂಪುಗಾಳಿಯಲ್ಲಿ, ಮಬ್ಬುಗತ್ತಲೆಯಲ್ಲಿ ಸಾವಿರಾರು ಪೀಪಾಯಿಗಳು ಅಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ. 1986ರವರೆಗೆ, ಈ ಊರಿನ ಉಗ್ರಾಣಗಳ ಮೂಲಕವಲ್ಲದೆ ಪೋರ್ಟ್ ವೈನನ್ನು ಹೊರದೇಶಕ್ಕೆ ಕಳುಹಿಸುವಂತೆಯೇ ಇರಲಿಲ್ಲ. ಮಾಡುಗಳ ಮೇಲೆ ಬರೆದಿರುವ ಹೆಸರುಗಳಲ್ಲಿ ಇಂಗ್ಲಿಷಿನವು ಹೆಚ್ಚು. ಡಚ್ ಹೆಸರೂ ಜರ್ಮನ್ ಹೆಸರೂ ಉಂಟು. ವೀಸೆ ಮತ್ತು ಕ್ರೋನ್ ಎಂಬ ಸಂಸ್ಥೆಯನ್ನು 1865ರಲ್ಲಿ ತೆರೆದವರು ಇಬ್ಬರು ನಾರ್ವೇಜಿಯನ್ ತರುಣರು. ಉತ್ತರದ ಹಿಮದ ನಾಡಿನವರಿಗೆ ಈ ಬಿಸಿಲಿನ ಬೀದಿಯಲ್ಲೇನು ಕೆಲಸ? ಅದಕ್ಕೆ ಉತ್ತರ ಮುಂದೆ ದೊರೆಯುತ್ತದೆ.

ಇಂಗ್ಲಿಷರು ಇಲ್ಲಿಗೆ ಬಂದದ್ದೂ ಪ್ರೀತಿಯಿಂದಲ್ಲ, ಅಭಾವದಿಂದ. ಅವರ ಬಾಯಿಗೆ ರುಚಿಸುತ್ತಿದ್ದುದು ಫ್ರಾನ್ಸಿನ ವೈನು. ಆದರೆ ಫ್ರೆಂಚರೊಡನೆ ಜಗಳ ತಪ್ಪಿದ್ದಲ್ಲ. 1678ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಫ್ರೆಂಚ್ ಸರಕನ್ನೇ ನಿಷೇಧಿಸಿತು. 1703ರ ಮೆಥ್ಯುಯೆನ್ ಒಪ್ಪಂದವು ಪೋರ್ಚುಗಲ್ಲಿನ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೆಯ ಒಂದು ಪಾಲು ಕಡಿಮೆ ಸುಂಕವನ್ನು ಗೊತ್ತುಮಾಡಿತು. ಬದಲಿಗೆ ಇಂಗ್ಲಿಷ್ ಉಣ್ಣೆಬಟ್ಟೆ ಪೋರ್ಚುಗಲ್ಲಿನ ಮಾರುಕಟ್ಟೆಯನ್ನು ಹೊಕ್ಕಿತು. ನಿತ್ಯದ ಬಳಕೆಗೆ ಕೈಗೆಟಕುವ ಬೆಲೆಯಲ್ಲಿ ಏನಾದರೊಂದು ಸಿಕ್ಕಬೇಕೆಂಬ ಹುಡುಕಾಟವೇ ದೋರು ಕಣಿವೆಯ ಭಾಗ್ಯವನ್ನು ತೆರೆಯಿತು. ಕಡಲ ಪ್ರಯಾಣದಲ್ಲಿ ಕೆಡದಿರಲೆಂದು ಪೀಪಾಯಿಗೆ ಒಂದಿಷ್ಟು ಸಾರಾಯಿ ಬೆರೆಸಿದರು. ಕ್ರಮೇಣ ಆ ಬೆರಕೆಯೇ ರುಚಿಯಾಗಿ, ರುಚಿಯೇ ನಿಯಮವಾಯಿತು.

ಬೇಡಿಕೆ ಹೆಚ್ಚಿದಲ್ಲಿ ಕಲಬೆರಕೆ ತಪ್ಪೀತೆ? ಬಣ್ಣ ಬರಲೆಂದು ಎಲ್ಡರ್ ಎಂಬ ಕಾಡುಗಿಡದ ಹಣ್ಣು, ಸಿಹಿಗೆ ಸಕ್ಕರೆ. 18ನೆಯ ಶತಮಾನದ ಮಧ್ಯದ ಹೊತ್ತಿಗೆ ಪೋರ್ಟ್ ವೈನಿನ ಮಾನವೂ ಬೆಲೆಯೂ ಒಟ್ಟಿಗೆ ನೆಲಕಚ್ಚಿದವು. ಆಗ ದೇಶದ ಆಡಳಿತವನ್ನು ಬಿಗಿಮುಷ್ಟಿಯಲ್ಲಿ ಹಿಡಿದಿದ್ದ ಮಂತ್ರಿ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದವನು, 1756ರಲ್ಲಿ ಒಂದು ಕಂಪೆನಿಯನ್ನು ಸ್ಥಾಪಿಸಿ ಇಡೀ ವ್ಯಾಪಾರವನ್ನು ಅದರ ವಶಕ್ಕೆ ಕೊಟ್ಟ. ಯಾವ ನೆಲದ ದ್ರಾಕ್ಷಿ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದಕ್ಕೆ ಗ್ರಾನೈಟ್ ಕಂಬಗಳನ್ನು ನೆಟ್ಟು ಎಲ್ಲೆ ಗುರುತಿಸಲಾಯಿತು. ಅವುಗಳಲ್ಲಿ ಹಲವು ತೋಟಗಳ ನಡುವೆ ಇಂದಿಗೂ ನಿಂತಿವೆ. ಎಲ್ಡರ್ ಗಿಡಗಳನ್ನು ಬೇರುಸಹಿತ ಕೀಳಿಸಿದರು. ಸರಕು ಶುದ್ಧವಾಯಿತೆಂಬುದು ನಿಜ. ಆದರೆ ಪೋರ್ತೊ ನಗರದ ಬಡಜನರ ಪಡಖಾನೆಗಳಲ್ಲಿ ವೈನಿನ ಬೆಲೆ ಏರಿತು. 1757ರ ಫೆಬ್ರವರಿಯಲ್ಲಿ ಜನ ಬೀದಿಗಿಳಿದು ಕಂಪೆನಿಯ ವಿರುದ್ಧ ಕೂಗಿದರು. ಮಂತ್ರಿ ಅದನ್ನು ರಾಜದ್ರೋಹವೆಂದು ಪರಿಗಣಿಸಿ, ಸೈನ್ಯ ಕಳುಹಿಸಿ, ಹಲವರನ್ನು ಗಲ್ಲಿಗೇರಿಸಿದ. ಗಾಯದ ಉಗ್ರಾಣಗಳಲ್ಲಿ ಪ್ರವಾಸಿಗಳಿಗೆ ಕಥೆ ಹೇಳುವವರು ಗ್ರಾನೈಟ್ ಕಂಬಗಳ ವಿಚಾರವನ್ನು ಹೇಳುವಷ್ಟು ಉತ್ಸಾಹದಿಂದ ನೇಣುಗಂಬಗಳ ವಿಚಾರವನ್ನು ಹೇಳುವುದಿಲ್ಲ.

ಇನ್ನು ಉತ್ತರಕ್ಕೆ ಹೊರಳಬೇಕು. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಕ್ರಿಸ್ತಿಯಾನ್‌ಸುಂದ್ ಎಂಬ ಊರಿದೆ. ದ್ವೀಪಗಳ ಮೇಲೆ ಹರಡಿಕೊಂಡಿರುವ, ಮರದ ಬಣ್ಣಬಣ್ಣದ ಮನೆಗಳ ಊರು. 17ನೆಯ ಶತಮಾನದ ಕೊನೆಯಿಂದ ಅಲ್ಲಿ ಕಾಡ್ ಮೀನನ್ನು ಸೀಳಿ, ಉಪ್ಪು ಹಾಕಿ, ಕಡಲ ದಂಡೆಯ ನುಣುಪಾದ ಬಂಡೆಗಳ ಮೇಲೆ ಹರಡಿ ಒಣಗಿಸುವ ಕಸುಬು ಬೆಳೆಯಿತು. ಬಂಡೆಯ ಮೀನೆಂಬ ಅರ್ಥದಲ್ಲಿ ಅದಕ್ಕೆ ಕ್ಲಿಪ್‌ಫಿಸ್ಕ್ ಎಂದು ಹೆಸರು. ಒಣಗಿಸುವ ಕೆಲಸವೆಲ್ಲ ಹೆಂಗಸರದು. ಬೆಳಿಗ್ಗೆ ಹರಡಿ, ಮಳೆಯ ಮೋಡ ಕಂಡೊಡನೆ ಓಡಿಬಂದು ರಾಶಿ ಮಾಡಿ ಮುಚ್ಚಿ, ಮತ್ತೆ ಹರಡಿ—ಹಪ್ಪಳ ಸಂಡಿಗೆ ಒಣಹಾಕಿ ಆಕಾಶ ನೋಡುತ್ತ ಕುಳಿತ ಕೈಗಳಿಗೆ ಆ ಪಾಡು ಗೊತ್ತು. ಈಗ ಆ ಕೆಲಸ ಯಂತ್ರದ ಬಿಸಿಗಾಳಿಯಲ್ಲಿ ನಡೆಯುತ್ತದೆ. ಬಂಡೆಗಳು ಬರಿದಾಗಿವೆ, ಮೀನು ಹೊತ್ತ ಹೆಂಗಸಿನ ಪ್ರತಿಮೆಯೊಂದು ಬಂದರಿನಲ್ಲಿ ನಿಂತಿದೆ.

ಆ ಮೀನನ್ನು ತಿನ್ನುತ್ತಿದ್ದವರು ಯಾರು? ನಾರ್ವೆಯವರಿಗಿಂತ ಹೆಚ್ಚಾಗಿ ಪೋರ್ಚುಗೀಸರು, ಸ್ಪೇನಿನವರು, ಬ್ರೆಜಿಲಿನವರು. ಪೋರ್ಚುಗಲ್ಲಿನಲ್ಲಿ ಬಕಲ್ಯಾವ್ ಎಂದು ಕರೆಯಲ್ಪಡುವ ಈ ಒಣಮೀನು ಅಲ್ಲಿಯ ಅಡುಗೆಮನೆಯ ಅಧಿದೇವತೆ. ವರ್ಷದ ಪ್ರತಿಯೊಂದು ದಿನಕ್ಕೂ ಒಂದೊಂದು ಬಗೆಯ ಬಕಲ್ಯಾವ್ ಅಡುಗೆ ಉಂಟೆಂಬ ಜಂಬ ಅವರದು. ಹೀಗೆ ಉತ್ತರದ ಹಡಗುಗಳು ಮೀನು ಹೊತ್ತು ದಕ್ಷಿಣಕ್ಕೆ ಹೋಗುತ್ತಿದ್ದವು. ಬರುವಾಗ ಉಪ್ಪು, ಹಣ್ಣು, ವೈನು. ಗಾಯದ ಬೀದಿಯಲ್ಲಿ ಇಬ್ಬರು ನಾರ್ವೇಜಿಯನ್ ತರುಣರು ಉಗ್ರಾಣ ತೆರೆದದ್ದಕ್ಕೆ ಇದೇ ಹಿನ್ನೆಲೆ.

ಈ ಹಳೆಯ ಕೊಡುಕೊಳ್ಳುವಿಕೆಗೆ ಅಡ್ಡಬಂದದ್ದು ಪಾನನಿಷೇಧ. ಮೊದಲನೆಯ ಮಹಾಯುದ್ಧದ ನಡುವೆ, 1916ರ ಕೊನೆಯಲ್ಲಿ, ನಾರ್ವೆ ಸರ್ಕಾರ ಸಾರಾಯಿಯ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. 1917ರಲ್ಲಿ ಪೋರ್ಟ್, ಶೆರಿ ಮೊದಲಾದ ಗಟ್ಟಿ ವೈನುಗಳೂ ಅದೇ ಬೇಲಿಯೊಳಗೆ ಸೇರಿದವು. 1919ರ ಅಕ್ಟೋಬರಿನಲ್ಲಿ ಜನಮತ ಕೇಳಿದಾಗ ನೂರಕ್ಕೆ 61ಕ್ಕಿಂತ ಹೆಚ್ಚು ಮಂದಿ ನಿಷೇಧವೇ ಇರಲೆಂದರು. ಕುಡುಕ ಗಂಡಂದಿರ ಕೈಯಲ್ಲಿ ಸಿಕ್ಕಿ ನರಳಿದ ಹೆಂಗಸರ, ಮಿತಪಾನ ಸಂಘಗಳ, ಧರ್ಮಭೀರುಗಳ ಮತ ಅದು; ಅದನ್ನು ಹಗುರವಾಗಿ ಕಾಣಲಾಗದು. ಆದರೆ ಕಾನೂನು ಬಂದೊಡನೆ ಅದರ ಹಿತ್ತಿಲಬಾಗಿಲೂ ತೆರೆಯಿತು. ಕರಾವಳಿಯ ಕತ್ತಲೆಯಲ್ಲಿ ಕಳ್ಳದೋಣಿಗಳು ಬಂದವು. ಔಷಧವೆಂದು ಸಾರಾಯಿ ಬರೆದುಕೊಡುವ ವೈದ್ಯರ ಚೀಟಿಗಳು ಮಳೆಗಾಲದ ಅಣಬೆಗಳಂತೆ ಹೆಚ್ಚಿದವು.

ದೊಡ್ಡ ಪೆಟ್ಟು ಬಂದದ್ದು ಮಾತ್ರ ದಕ್ಷಿಣದಿಂದ. ‘ನಮ್ಮ ವೈನು ನಿಮಗೆ ಬೇಡವಾದರೆ ನಿಮ್ಮ ಮೀನು ನಮಗೇಕೆ?’ ಎಂಬುದು ಸ್ಪೇನ್ ಮತ್ತು ಪೋರ್ಚುಗಲ್ಲುಗಳ ನಿಲುವು. ನಾರ್ವೆಯ ಮೀನಿನ ಮೇಲೆ ಸುಂಕ ಹೇರಿದರು. ಕ್ರಿಸ್ತಿಯಾನ್‌ಸುಂದ್, ಓಲೆಸುಂದ್ ಮೊದಲಾದ ಬಂದರುಗಳ ಮೀನಿನ ವ್ಯಾಪಾರ ತತ್ತರಿಸಿತು. ಬೆಸ್ತನಿಗೆ ಹಿಡಿದ ಮೀನಿನ ಬೆಲೆ ಬರಲಿಲ್ಲ; ಒಣಗಿಸುವ ಹೆಂಗಸಿಗೆ ದಿನಗೂಲಿ ತಪ್ಪಿತು. ತನ್ನ ಮನೆಯ ಗಂಡಸು ಕುಡಿಯದಿರಲೆಂದು ಮತ ಹಾಕಿದ ಹೆಂಗಸಿಗೆ, ಯಾವುದೋ ದೂರದ ದೇಶದ ಅಜ್ಜಿಯ ಸಿಹಿವೈನು ತನ್ನ ಒಲೆಯ ಬೆಂಕಿಯನ್ನು ಹೀಗೆ ಆರಿಸೀತೆಂಬ ಕಲ್ಪನೆ ಇದ್ದಿರಲಾರದು.

ಸರ್ಕಾರ ಇಕ್ಕಟ್ಟಿಗೆ ಸಿಕ್ಕಿತು. 1922ರ ನವೆಂಬರಿನಲ್ಲಿ, ವೈನಿನ ವ್ಯಾಪಾರವನ್ನೆಲ್ಲ ಒಂದೇ ಕೈಯಲ್ಲಿರಿಸಲು ವಿನ್‌ಮೊನೊಪೋಲೆ ಸ್ಥಾಪಿತವಾಯಿತು. ಪೋರ್ಚುಗಲ್ಲಿನಿಂದ ಇಂತಿಷ್ಟು ಗಟ್ಟಿ ವೈನನ್ನು ಕೊಳ್ಳುವ ಒಪ್ಪಂದವನ್ನು ಪ್ರಧಾನಿ ಓಟೊ ಬ್ಲೇರ್ ಪಾರ್ಲಿಮೆಂಟಿನ ಮುಂದಿಟ್ಟಾಗ ಅದು ಒಪ್ಪಿಗೆ ಪಡೆಯಲಿಲ್ಲ. 1923ರ ಮಾರ್ಚಿನಲ್ಲಿ ಅವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಆದರೆ ಅಂಗಳದಲ್ಲಿ ಬಿದ್ದ ಮೀನಿನ ರಾಶಿ ರಾಜಕೀಯಕ್ಕಿಂತ ಬಲವಾದದ್ದು. ಅದೇ ವರ್ಷ ಗಟ್ಟಿ ವೈನಿನ ಮೇಲಿನ ನಿಷೇಧ ರದ್ದಾಯಿತು. ಸಾರಾಯಿಯ ನಿಷೇಧವೂ 1926ರ ಎರಡನೆಯ ಜನಮತಗಣನೆಯ ಅನಂತರ 1927ರಲ್ಲಿ ಕೊನೆಗೊಂಡಿತು. ಸಾರಾಯಿಗಿಂತ ನಾಲ್ಕು ವರ್ಷ ಮೊದಲೇ ಪೋರ್ಟ್ ವೈನು ನಾರ್ವೆಗೆ ಮರಳಿ ಬಂದದ್ದು ರುಚಿಯ ದೆಸೆಯಿಂದಲ್ಲ, ಮೀನಿನ ದೆಸೆಯಿಂದ.

ನಿಷೇಧ ಹೋಯಿತು, ಅಂಗಡಿ ಉಳಿಯಿತು. ಸುಮಾರು ಮುಕ್ಕಾಲು ಶತಮಾನದವರೆಗೆ ಅಲ್ಲಿ ಸೀಸೆಯನ್ನು ಮುಟ್ಟಿ ನೋಡುವಂತೆಯೂ ಇರಲಿಲ್ಲ. ಅಂಚೆಕಚೇರಿಯಂತೆ ಸಾಲಿನಲ್ಲಿ ನಿಂತು, ಕಟಕಟೆಯ ಹಿಂದಿನ ಗುಮಾಸ್ತನಿಗೆ ಹೆಸರು ಹೇಳಿ ಪಡೆಯಬೇಕಾಗಿತ್ತು. ತಾವೇ ಎತ್ತಿಕೊಳ್ಳುವ ಕಪಾಟುಗಳು ಬಂದದ್ದು 1999ರಿಂದೀಚೆಗೆ. 1996ರಲ್ಲಿ ಆಮದಿನ ಏಕಸ್ವಾಮ್ಯವೂ ತಪ್ಪಿ, ಮಾರಾಟದ ಏಕಸ್ವಾಮ್ಯ ಮಾತ್ರ ಸಂಸ್ಥೆಯಲ್ಲಿ ಉಳಿಯಿತು. ಅಂದಿನಿಂದ ಪಟ್ಟಿ ಉದ್ದವಾಗಿದೆ. ದೇಶದ ಯಾವ ಮೂಲೆಯಲ್ಲಿ ಕೊಂಡರೂ ಒಂದೇ ಬೆಲೆ ಎಂಬುದು ಈ ಸಂಸ್ಥೆಯ ಒಂದು ನ್ಯಾಯವಂತಿಕೆ. ಉತ್ತರ ಧ್ರುವವೃತ್ತದಾಚೆಯ ಹಳ್ಳಿಯವನೂ ಓಸ್ಲೊ ನಗರದವನೂ ಅಲ್ಲಿ ಸಮಾನರು.

ಆದರೂ ಪೋರ್ಚುಗಲ್ಲಿನ ಸಂಸಾರಕ್ಕೆ ಬೇಕಾದ ವಸ್ತು ಸುಲಭವಾಗಿ ಸಿಕ್ಕುವುದಿಲ್ಲ. ಸಣ್ಣ ಊರಿನ ಅಂಗಡಿಯ ಕಪಾಟಿನಲ್ಲಿ ಪೋರ್ಟಿಗೆ ದೊರೆಯುವ ಜಾಗ ಒಂದು ಮೊಳ. ಅದರಲ್ಲಿ ಹೆಸರುವಾಸಿಯಾದ ಕೆಲವೇ ಸೀಸೆಗಳು. ಉಳಿದದ್ದನ್ನು ಪಟ್ಟಿಯಿಂದ ಆರಿಸಿ, ಬೇಡಿಕೆ ಸಲ್ಲಿಸಿ, ತಮ್ಮೂರಿನ ಅಂಗಡಿಗೆ ತರಿಸಿಕೊಳ್ಳಬಹುದು, ಕಾಯಬೇಕು. ಕಾಯುವುದಕ್ಕಿಂತ ಕಷ್ಟವಾದದ್ದು ಬೆಲೆ. ನಾರ್ವೆಯಲ್ಲಿ ತೆರಿಗೆಯನ್ನು ವೈನಿನ ಬೆಲೆಯ ಮೇಲಲ್ಲ, ಅದರಲ್ಲಿರುವ ಮದ್ಯಸಾರದ ಮೇಲೆ ಕಟ್ಟುತ್ತಾರೆ. ಮುಕ್ಕಾಲು ಲೀಟರಿನ ಸೀಸೆಯಲ್ಲಿ ನೂರಕ್ಕೆ 13 ಪಾಲಿನ ಸಾಧಾರಣ ವೈನಾದರೆ ಮದ್ಯಸಾರ 10 ಸೆಂಟಿಲೀಟರಿಗಿಂತ ತುಸು ಕಡಿಮೆ. ನೂರಕ್ಕೆ 20 ಪಾಲಿನ ಪೋರ್ಟಾದರೆ 15 ಸೆಂಟಿಲೀಟರು. ತೆರಿಗೆ ಒಂದೂವರೆ ಪಟ್ಟಾಯಿತು. ನಲವತ್ತು ವರ್ಷ ಮಲಗಿದ ಶ್ರೀಮಂತರ ಸೀಸೆಗೂ, ಎರಡೇ ವರ್ಷ ಮಲಗಿದ ಬಡವರ ಸೀಸೆಗೂ ಈ ತೆರಿಗೆ ಒಂದೇ. ಹತ್ತು ಸೀಸೆಯ ಬೆಲೆಯನ್ನು ಒಂದೇ ಸೀಸೆಗೆ ಕೊಡಬಲ್ಲವನಿಗೆ ಅದು ಗಮನಕ್ಕೇ ಬಾರದ ಮೊತ್ತ. ದಿನಬಳಕೆಯ ಸೀಸೆಯನ್ನು ಹುಡುಕುವವನಿಗೆ ಮಾತ್ರ ಅದೇ ಭಾರ. ಕುಡಿತವನ್ನು ತಡೆಯುವ ಉದ್ದೇಶ ಒಳ್ಳೆಯದೇ ಇರಬಹುದು. ವಾರಕ್ಕೊಂದು ಗುಟುಕಿನ ಅಜ್ಜಿಯನ್ನೂ ಅದು ಕುಡುಕರ ಸಾಲಿನಲ್ಲೇ ನಿಲ್ಲಿಸಿ ಕಪ್ಪ ಕೇಳುತ್ತದೆ.

ಹೀಗಿರುವಾಗ ಹಣ ಪೋಲಾಗದಂತೆ ಕೊಳ್ಳುವ ಜಾಣತನ ತಾನಾಗಿ ಬೆಳೆಯುತ್ತದೆ. ಅನುಭವಸ್ಥರು ಮೊದಲು ನೋಡುವುದು ಬಣ್ಣವನ್ನು. ರೂಬಿ ಎಂಬುದು ಎರಡು ಮೂರು ವರ್ಷ ದೊಡ್ಡ ಪಾತ್ರೆಗಳಲ್ಲಿದ್ದು, ಗಾಳಿಯ ಸೋಂಕು ಹೆಚ್ಚಾಗಿಲ್ಲದೆ ಕೆಂಪಾಗಿಯೇ ಉಳಿದದ್ದು, ಎಲ್ಲಕ್ಕಿಂತ ಅಗ್ಗ. ಆದರೆ ಬಿರಡೆ ತೆಗೆದ ಮೇಲೆ ವಾರ ಹತ್ತು ದಿನಗಳಲ್ಲಿ ಅದರ ಕಳೆ ಇಳಿಯುತ್ತದೆ. ಟಾನಿ ಎಂಬುದು ಚಿಕ್ಕ ಪೀಪಾಯಿಗಳಲ್ಲಿ ಮರದ ಸಂದುಗಳ ಗಾಳಿಯನ್ನುಂಡು, ಬಣ್ಣ ಕಳೆದುಕೊಂಡು, ಬೆಲ್ಲದ ಪಾಕದಂತೆ ಕಂದಾದದ್ದು. ಗಾಳಿಯೊಡನೆ ಆಗಲೇ ಸ್ನೇಹ ಬೆಳೆಸಿರುವುದರಿಂದ ತೆರೆದ ಮೇಲೆಯೂ, ತಂಪಿನಲ್ಲಿಟ್ಟರೆ, ಒಂದು ತಿಂಗಳಿಗೂ ಮಿಕ್ಕಿ ಕೆಡುವುದಿಲ್ಲ. ಹತ್ತು ವರ್ಷದ್ದೆಂದು ಬರೆದ ಟಾನಿ ಇನ್ನೂ ಮೇಲು, ಬೆಲೆಯೂ ಮೇಲು. ಒಂದೇ ವರ್ಷದ ಬೆಳೆಯಿಂದಾದ, ನಾಲ್ಕರಿಂದ ಆರು ವರ್ಷ ಕಾದು ಸೀಸೆಗೆ ತುಂಬಿದ ಬಗೆಯೊಂದಿದೆ. ನೆಂಟರು ಬಂದ ದಿನಕ್ಕೆ ಅದು ಸರಿ. ವಿಂಟೇಜ್ ಎಂಬ ಸೀಸೆಯನ್ನಂತೂ ತೆರೆದ ಒಂದೆರಡು ದಿನಗಳಲ್ಲೇ ಮುಗಿಸಬೇಕು. ಇಬ್ಬರಿರುವ ಮನೆಗೆ ಅದು ಹಬ್ಬವಲ್ಲ, ಹೊರೆ. ಬಿರಡೆಯೇ ಒಂದು ಸುಳುಹು ಕೊಡುತ್ತದೆ. ಮೇಲೆ ಗುಬುಟಿನ ಹಿಡಿಯಿದ್ದು ಕೈಯಲ್ಲೇ ತೆಗೆದು ಮತ್ತೆ ಮುಚ್ಚಬಹುದಾದ ಬಿರಡೆಯಿದ್ದರೆ ಅದು ನಿತ್ಯದ ಬಳಕೆಯ ಸೀಸೆ. ಕತ್ತಿನ ಮೇಲೆ ಪೋರ್ಚುಗಲ್ಲಿನ ವೈನ್ ಸಂಸ್ಥೆಯ ಮುದ್ರೆಯಿದ್ದರೆ ಅಸಲಿ ಪೋರ್ಟೆಂದು ನಂಬಬಹುದು.

ಲೆಕ್ಕ ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಆರೂವರೆ ಸೆಂಟಿಲೀಟರಿನ ಗಾಜಿಗೆ ಒಂದು ಸೀಸೆ ಹನ್ನೊಂದು ಗಾಜು ತುಂಬುತ್ತದೆ. ಭಾನುವಾರಕ್ಕೆ ಗಂಡ ಹೆಂಡಿರಿಗೆ ಒಂದೊಂದು ಗಾಜೆಂದರೆ ಐದಾರು ವಾರ. ಅಷ್ಟು ದಿನ ತಾಳುವುದು ಟಾನಿ ಮಾತ್ರ. ವರ್ಷಕ್ಕೆ ಒಂಬತ್ತು ಸೀಸೆಗಳಾದರೆ ಮನೆ ನಡೆಯಿತು. ಇಷ್ಟನ್ನು ಹೊಂದಿಸುವ ಉಪಾಯವೂ ಆ ಅಂಕಿಯಲ್ಲೇ ಅಡಗಿದೆ. ನಾರ್ವೆ ಯುರೋಪಿನ ಒಕ್ಕೂಟವನ್ನು ಸೇರಿಲ್ಲ. 1972ರಲ್ಲೂ 1994ರಲ್ಲೂ ಜನ ಬೇಡವೆಂದರು. ಆದ್ದರಿಂದ ಊರಿನಿಂದ ಬರುವಾಗ ಕಾರಿನ ತುಂಬ ಪೆಟ್ಟಿಗೆ ಹೇರಿಕೊಂಡು ಬರುವಂತಿಲ್ಲ. ಸುಂಕವಿಲ್ಲದೆ ತರಬಹುದಾದದ್ದು ತಲೆಗೆ ಒಂದು ಲೀಟರ್ ಸಾರಾಯಿ, ಒಂದೂವರೆ ಲೀಟರ್ ವೈನು, ಜೊತೆಗೆ ಒಂದಿಷ್ಟು ಬಿಯರು. ಸಾರಾಯಿಯನ್ನು ಬಿಟ್ಟುಕೊಟ್ಟರೆ ಅದರ ಬದಲು ಇನ್ನೂ ಒಂದೂವರೆ ಲೀಟರ್ ವೈನು. ವೈನೆಂದರೆ ನೂರಕ್ಕೆ 22 ಪಾಲಿನವರೆಗೆ ಎಂಬುದು ಸುಂಕದವರ ಅರ್ಥ. ಪೋರ್ಟಿನ ಮೇಲ್ಮಿತಿಯೂ ಸರಿಯಾಗಿ ಅಷ್ಟೇ. ಕೂದಲೆಳೆಯಲ್ಲಿ ಪಾರಾದಂತೆ ಅದು ವೈನಿನ ಸಾಲಿನಲ್ಲೇ ನಿಲ್ಲುತ್ತದೆ. ಹೀಗೆ ತಲೆಗೆ ಮೂರು ಲೀಟರ್, ಎಂದರೆ ನಾಲ್ಕು ಸೀಸೆ, ದಂಪತಿಗಳಿಗೆ ಎಂಟು. ವರ್ಷಕ್ಕೊಮ್ಮೆ ತೌರಿಗೆ ಹೋಗಿಬಂದರೆ ಹೆಚ್ಚುಕಡಮೆ ಒಂದು ವರ್ಷದ ಭಾನುವಾರಗಳೆಲ್ಲ ಉಣ್ಣೆಯ ಅಂಗಿಗಳ ನಡುವೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಬರುತ್ತವೆ. ಒಂದು ಸೀಸೆ ಮಾತ್ರ ಪೋಲೆಯಿಂದ ಕೊಂಡರಾಯಿತು. ಗಡಿಯಾಚೆ ಸ್ವೀಡನ್ನಿನ ಸ್ಟ್ರೋಮ್‌ಸ್ಟಾಡಿಗೆ ಕಾರಿನಲ್ಲಿ ಹೋಗಿಬರುವ ನಾರ್ವೇಜಿಯನ್ನರೂ ಬೇಕಾದಷ್ಟಿದ್ದಾರೆ. ಅಲ್ಲಿಯೂ ಸರ್ಕಾರದ ಅಂಗಡಿಯೇ ಆದರೂ ಬೆಲೆ ಕಡಿಮೆ.

ಗಡಿ ದಾಟಿ ಸೀಸೆ ತರುವ ಮಾತು ಬೆಳಗಾವಿ, ಕಾರವಾರದ ಕಡೆಯ ಹಳಬರಿಗೆ ಹೊಸದಲ್ಲ. 1949ರ ಮುಂಬಯಿ ಪಾನನಿಷೇಧ ಕಾನೂನಿನ ಕಾಲದಲ್ಲಿ ಈಚೆಗೆ ನಿಷೇಧ, ಆಚೆಗೆ 1961ರವರೆಗೆ ಪೋರ್ಚುಗೀಸರ ಗೋವಾ. ಇಂದಿಗೂ ಗೋವಾದ ಅಂಗಡಿಗಳಲ್ಲಿ ‘ಪೋರ್ಟ್ ವೈನ್’ ಎಂಬ ಹೆಸರು ಹೊತ್ತ ಅಗ್ಗದ ಸಿಹಿವೈನು ಸಿಕ್ಕುತ್ತದೆ. ಅದರ ತವರು ದೋರು ಕಣಿವೆಯಲ್ಲ. ಬೆಂಗಳೂರು, ಚಿಕ್ಕಬಳ್ಳಾಪುರಗಳ ಸುತ್ತ ಬೆಳೆಯುವ, ದಪ್ಪ ಸಿಪ್ಪೆಯ, ನಮ್ಮ ಸಂತೆಗಳಲ್ಲಿ ಬುಟ್ಟಿಗಟ್ಟಲೆ ಮಾರುವ ಬೆಂಗಳೂರು ಬ್ಲೂ ದ್ರಾಕ್ಷಿಯ ರಸವೂ ಆ ವೈನಿಗೆ ಸಲ್ಲುತ್ತದೆ. ಪೊಂಬಾಲನ ಗ್ರಾನೈಟ್ ಕಂಬಗಳ ಲೆಕ್ಕದಲ್ಲಿ ಅದು ಪೋರ್ಟೇ ಅಲ್ಲ. ಆದರೆ ನಾಲ್ಕೂವರೆ ಶತಮಾನ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಊರಿನವರು, ಸಿಕ್ಕಿದ ಹಣ್ಣಿನಿಂದ ನಿತ್ಯಕ್ಕೊಂದು ಮಾಡಿಕೊಂಡರೆಂದರೆ ತಪ್ಪೆಣಿಸುವುದು ಕಷ್ಟ.

ಡಿಸೆಂಬರ್ 24ರ ರಾತ್ರಿ ಪೋರ್ಚುಗೀಸರ ಮನೆಗಳಲ್ಲಿ ಬೇಯಿಸಿದ ಬಕಲ್ಯಾವ್, ಆಲೂಗೆಡ್ಡೆ, ಕೋಸುಗಳ ಊಟ. ಓಸ್ಲೊದಲ್ಲಿ ನೆಲೆಸಿದವರು ಅದಕ್ಕೆ ಎರಡು ದಿನ ಮೊದಲೇ ಒಣಮೀನನ್ನು ನೀರಿನಲ್ಲಿ ನೆನೆಹಾಕಿ, ಉಪ್ಪು ಇಳಿಯಲೆಂದು ಹೊತ್ತುಹೊತ್ತಿಗೆ ನೀರು ಬದಲಿಸುತ್ತಾರೆ. ಊರಿನಲ್ಲಿ ದುಬಾರಿಯಾಗಿದ್ದ ಮೀನು ಇಲ್ಲಿ ಈ ನೆಲದ್ದೇ. ಅಲ್ಲಿ ಮೂಲೆಯಂಗಡಿಯ ಧೂಳು ಹೊತ್ತಿದ್ದ ಸೀಸೆ ಇಲ್ಲಿ ಕಪಾಟಿನ ಮೇಲುಹಲಗೆಯಲ್ಲಿ ಮಕ್ಕಳ ಕೈಗೆಟಕದಂತೆ ಕುಳಿತಿದೆ. ಮಧ್ಯಾಹ್ನ ಮೂರೂವರೆಗೆಲ್ಲ ಹೊರಗೆ ಕತ್ತಲಾಗಿರುತ್ತದೆ. ಒಲೆಯ ಮೇಲೆ ನೀರು ಕುದಿಯುತ್ತಿರುವಾಗ ಮನೆಯ ಯಜಮಾನಿ ಸೀಸೆಯನ್ನು ದೀಪಕ್ಕೆ ಹಿಡಿದು, ಇನ್ನು ಎಷ್ಟು ಗಾಜು ಉಳಿದಿದೆಯೆಂದು ಎಣಿಸುತ್ತಾಳೆ.